ಬಿಡಾರ ಕೊಡುವ ಮೊದಲು: ಮಂಗಳೂರು, ಉಡುಪಿಯ ಮನೆ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿಜೈಯಲ್ಲಿ ನಮ್ಮ ಮನೆಯ ಹಿಂದಿರುವ ಎರಡು ಬಿಡಾರಗಳನ್ನೂ ಕೊಲ್ಲಿ ದೇಶಗಳಲ್ಲಿರುವ ಬಂಧುಗಳ ಮೂರು ಫ್ಲ್ಯಾಟುಗಳನ್ನೂ ಹಲವು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿರುವುದರಿಂದ, ಬಾಡಿಗೆಗೆ ಬರುವವರ ಪೂರ್ವಾಪರ ತಿಳಿಯುವುದು ಹೇಗೆಂದು ಪರಿಚಿತರು ಕೇಳುತ್ತಲೇ ಇರುತ್ತಾರೆ. ಮದುವೆ ಮನೆಯ ಊಟದ ಸಾಲಿನಲ್ಲಿ, ಪತ್ರಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರಿಸಿದ್ದೇನೆ.

## ಆರಂಭದ ಪ್ರಶ್ನೆಗಳು

ನಮ್ಮದು ಎರಡು ಕೋಣೆಯ ಸಣ್ಣ ಬಿಡಾರ. ಅದಕ್ಕೂ ಇಷ್ಟೆಲ್ಲ ವಿಚಾರಣೆ ಬೇಕಾ?

ಸಣ್ಣ ಬಿಡಾರಕ್ಕೇ ಹೆಚ್ಚು ಬೇಕು. ಬಹುಮಹಡಿ ಕಟ್ಟಡದ ಫ್ಲ್ಯಾಟಿನಲ್ಲಿ ಬಾಡಿಗೆದಾರರಿಗೂ ನಿಮಗೂ ನಡುವೆ ಕಾವಲುಗಾರನಿದ್ದಾನೆ, ಸಂಘವಿದೆ, ಕನಿಷ್ಠ ಒಂದು ಲಿಫ್ಟ್ ಆದರೂ ಇದೆ. ಮನೆಯ ಹಿಂಭಾಗದ ಬಿಡಾರದಲ್ಲಾದರೆ ಗೇಟು ಒಂದೇ, ಬಾವಿ ಒಂದೇ, ಪಂಪಿನ ಸ್ವಿಚ್ಚು ಕೂಡ ಒಂದೇ. ಬಂದವರು ಬಾಡಿಗೆ ಕೊಡದೆ, ಖಾಲಿಯನ್ನೂ ಮಾಡದೆ ಕುಳಿತುಬಿಟ್ಟರೆ ಬೀಗ ಬದಲಿಸಿ ಅಥವಾ ವಿದ್ಯುತ್ ಕಡಿದು ಹೊರಹಾಕುವ ಅಧಿಕಾರ ಮಾಲೀಕರಿಗಿಲ್ಲ; ನ್ಯಾಯಾಲಯಕ್ಕೇ ಹೋಗಬೇಕು. ಅಲ್ಲಿಂದ ಆದೇಶ ಬರುವತನಕ ಒಂದೇ ಬಾವಿಕಟ್ಟೆಯಲ್ಲಿ ಮುಖ ನೋಡಿಕೊಂಡು ಬದುಕಬೇಕಾದ ಕಷ್ಟ ಎಂಥದ್ದೆಂದು ಅನುಭವಿಸಿದವರಿಗೆ ಗೊತ್ತು. ಮೊದಲೇ ವಿಚಾರಿಸಿಕೊಳ್ಳಲು ಎರಡು ಸಂಜೆ ಸಾಕು.

ಬಂದವರ ಹತ್ತಿರ ಏನೇನು ಕೇಳಬೇಕು? ಮುಖಕ್ಕೆ ಮುಖ ಕೊಟ್ಟು ಕೇಳಲು ನಾಚಿಕೆಯಾಗುತ್ತದೆ.

ನಾಚಿಕೆ ಹೋಗಬೇಕಾದರೆ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟು, ಬಂದವರೆಲ್ಲರಿಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ. ಎಲ್ಲರಿಗೂ ಕೇಳುವ ಪ್ರಶ್ನೆ ಯಾರಿಗೂ ಅವಮಾನವೆನಿಸುವುದಿಲ್ಲ. ಈಗಿರುವ ಮನೆ ಎಲ್ಲಿ, ಅಲ್ಲಿ ಎಷ್ಟು ವರ್ಷವಾಯಿತು, ಯಾಕೆ ಬಿಡುತ್ತಿದ್ದಾರೆ, ಇಲ್ಲಿ ವಾಸಿಸುವವರು ಒಟ್ಟು ಎಷ್ಟು ಮಂದಿ ಮತ್ತು ಅವರು ಯಾರು, ಉದ್ಯೋಗ ಎಲ್ಲಿ, ವಾಹನ ಎಷ್ಟು, ಎಂದಿನಿಂದ ಬೇಕು ಎಂಬುದಿಷ್ಟು ಮೊದಲ ಭೇಟಿಗೆ ಸಾಕು. ಇವುಗಳಲ್ಲಿ ನಾನು ಹೆಚ್ಚು ಗಮನ ಕೊಡುವುದು ಬಿಡುವ ಕಾರಣಕ್ಕೆ. ‘ಮಗಳಿಗೆ ಸುರತ್ಕಲ್‌ನಲ್ಲಿ ಸೀಟು ಸಿಕ್ಕಿತು, ಬಸ್ಸಿನ ದಾರಿ ಹತ್ತಿರವಾಗುತ್ತದೆ’ ಎಂಬ ಉತ್ತರವನ್ನು ಪರಿಶೀಲಿಸಬಹುದು. ‘ಅಲ್ಲಿಯ ಧನಿಗಳು ಸರಿ ಇಲ್ಲ’ ಎಂಬ ಉತ್ತರ ಬಂದರೆ ಅದು ನಿಜವೂ ಇರಬಹುದು, ಆದರೆ ಅದಕ್ಕಿಂತ ಮೊದಲಿನ ಮನೆಯನ್ನು ಯಾಕೆ ಬಿಟ್ಟರೆಂದೂ ಕೇಳಿ. ಮೂವರು ಧನಿಗಳೂ ಸರಿ ಇಲ್ಲವೆಂದಾದರೆ ನಾಲ್ಕನೆಯವರು ನೀವಾಗುತ್ತೀರಿ.

ನಿಮ್ಮ ಕಡೆಯ ಸತ್ಯವನ್ನೂ ಅದೇ ಭೇಟಿಯಲ್ಲಿ ಹೇಳಿಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ಕೆಳಗಿಳಿದಾಗ ನಳ್ಳಿಯಲ್ಲಿ ನೀರು ದಿನ ಬಿಟ್ಟು ದಿನ ಬರುವುದಿದ್ದರೆ, ಅಥವಾ ಆಟಿ ತಿಂಗಳ ಮಳೆಗೆ ಹಿಂದಿನ ಗೋಡೆ ಒಸರುವುದಿದ್ದರೆ, ಅದನ್ನು ತಿಳಿದೂ ಒಪ್ಪುವವರೇ ಮುಂದೆ ಹೆಚ್ಚು ಕಾಲ ಉಳಿಯುವವರು.

ಬ್ಯಾಂಕಿನವರಿಗೆ ಮಾತ್ರ ಕೊಟ್ಟರೆ ಸುರಕ್ಷಿತ ಅಲ್ಲವೇ?

ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಹೀಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ನೆಲವಿದು. ‘ಬ್ಯಾಂಕಿನವರಿಗೆ ಮಾತ್ರ’ ಎಂಬ ಬೋರ್ಡು ನಮ್ಮಲ್ಲಿ ಹೆಚ್ಚು ಕಾಣುವುದು ಸಹಜ. ನಿಗದಿತ ಸಂಬಳ, ಮೂರು ನಾಲ್ಕು ವರ್ಷಕ್ಕೆ ವರ್ಗಾವಣೆ ಎಂಬ ಕಾರಣಕ್ಕೆ ಹುಟ್ಟಿದ ನಂಬಿಕೆ ಅದು. ಆದರೆ ಉದ್ಯೋಗದ ಹೆಸರು ಪರಿಶೀಲನೆಯ ಬದಲಿಗೆ ನಿಲ್ಲುವುದಿಲ್ಲ. ಬ್ಯಾಂಕಿನ ಅಧಿಕಾರಿಯಿಂದಲೂ ಅದೇ ದಾಖಲೆಗಳನ್ನು ಪಡೆಯಿರಿ. ನಿಜವಾದ ಅಧಿಕಾರಿಯಾದರೆ ಅವರಿಗೇ ಈ ಕ್ರಮ ಅರ್ಥವಾಗುತ್ತದೆ, ಏಕೆಂದರೆ ಸಾಲ ಕೊಡುವಾಗ ಅವರು ಮಾಡುವುದೂ ಅದನ್ನೇ.

ಬ್ರೋಕರ್ ‘ಎಲ್ಲ ನಾನು ನೋಡಿದ್ದೇನೆ’ ಅನ್ನುತ್ತಾರೆ. ಮತ್ತೆ ನಾವೂ ನೋಡಬೇಕಾ?

ನೋಡಬೇಕು. ಮನೆ ಬೇಗ ತುಂಬಿದರೆ ಬ್ರೋಕರಿಗೆ ದಲ್ಲಾಳಿ ಹಣ ಸಿಗುತ್ತದೆ. ಬಂದವರು ಒಂದು ವರ್ಷದ ಬಳಿಕ ಹೇಗಿದ್ದಾರೆಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ.

## ದಾಖಲೆಗಳು ಮತ್ತು ವಿಚಾರಣೆ

ಆಧಾರ್ ಜೆರಾಕ್ಸ್ ಒಂದಿದ್ದರೆ ಸಾಲದಾ?

ಜೆರಾಕ್ಸ್ ಪ್ರತಿಯಿಂದ ತಿಳಿಯುವುದು ಜೆರಾಕ್ಸ್ ಅಂಗಡಿ ತೆರೆದಿತ್ತೆಂಬುದು ಮಾತ್ರ. ಮೂಲ ಕಾರ್ಡನ್ನು ತರಿಸಿ, ಅದರಲ್ಲಿರುವ ಕ್ಯೂಆರ್ ಚಿತ್ರವನ್ನು ಆಧಾರ್ ಪ್ರಾಧಿಕಾರದ ಅಧಿಕೃತ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಿಳಾಸ ಮತ್ತು ಭಾವಚಿತ್ರ ಮೊಬೈಲಿನಲ್ಲಿ ಕಾಣಿಸುತ್ತವೆ. ಕಾರ್ಡಿನ ಮೇಲೆ ಅಚ್ಚಾದದ್ದಕ್ಕೂ ಅದಕ್ಕೂ ಹೊಂದಿಕೆಯಿರಬೇಕು, ಎದುರಿಗಿರುವ ಮುಖಕ್ಕೂ ಹೊಂದಿಕೆಯಿರಬೇಕು. ನಿಮ್ಮಲ್ಲಿ ಇಟ್ಟುಕೊಳ್ಳುವ ಪ್ರತಿಗೆ ಕೊನೆಯ ನಾಲ್ಕು ಅಂಕೆಗಳಷ್ಟೇ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಾಕು, ಮತ್ತು ಆ ಪ್ರತಿಯ ಮೇಲೆ ‘ಬಾಡಿಗೆ ಮನೆಯ ಸಲುವಾಗಿ ಮಾತ್ರ’ ಎಂದು ದಿನಾಂಕ ಸಹಿತ ಅವರ ಕೈಯಿಂದಲೇ ಬರೆಸುವುದು ಇಬ್ಬರಿಗೂ ಕ್ಷೇಮ. ಜೊತೆಗೆ ಫೋಟೊ ಇರುವ ಇನ್ನೊಂದು ಗುರುತು ಪತ್ರವನ್ನೂ ಕೇಳಿ. ಒಂದೇ ಸಂಗತಿಯನ್ನು ಎರಡು ಬೇರೆ ಬೇರೆ ಕಡೆಯಿಂದ ನೋಡುವುದೇ ಈ ಇಡೀ ಕೆಲಸದ ತಿರುಳು. ಆಧಾರ್ ಕಾರ್ಡು ಪೌರತ್ವಕ್ಕೆ ಪುರಾವೆಯಲ್ಲ ಎಂಬುದೂ ನೆನಪಿರಲಿ.

ಸಂಬಳದ ಚೀಟಿ ಅಸಲಿಯೋ ನಕಲಿಯೋ ನಮಗೆ ಹೇಗೆ ಗೊತ್ತಾಗಬೇಕು?

ಚೀಟಿಯ ಒಳಗಿನ ಲೆಕ್ಕವೇ ಬಹುಮಟ್ಟಿಗೆ ಹೇಳುತ್ತದೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಹೆಚ್ಚು ಸಂಬಳ ಪಡೆಯುವವರಿಂದ ಸಾಮಾನ್ಯವಾಗಿ 200 ರೂಪಾಯಿ ವೃತ್ತಿ ತೆರಿಗೆ ಕಡಿತವಾಗುತ್ತದೆ. ಭವಿಷ್ಯನಿಧಿ ಇದ್ದರೆ ಅದು ಸಾಮಾನ್ಯವಾಗಿ ಮೂಲವೇತನದ ಶೇಕಡಾ 12 ಇರಬೇಕು, ಇಲ್ಲವೆ 15,000 ರೂಪಾಯಿಯ ಮಿತಿಗೆ ಲೆಕ್ಕ ಹಾಕಿದ 1,800 ರೂಪಾಯಿ ಇರಬೇಕು. ಕೈಗೆ ಬಂದ ಮೊತ್ತ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದೇ ತಿಂಗಳು, ಅದೇ ಸಂಸ್ಥೆಯ ಹೆಸರಿನಲ್ಲಿ, ಪೈಸೆಗೆ ಪೈಸೆ ಜಮೆಯಾಗಿರಬೇಕು.

ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಮೇಲ್ವಿಚಾರಕನೆಂದು ಹೇಳಿಕೊಂಡು ಬಂದ ಯುವಕನೊಬ್ಬ ನನಗೆ ಮೂರು ತಿಂಗಳ ಚೀಟಿ ತೋರಿಸಿದ್ದ. ಸಂಬಳ 42,000, ಮೂಲವೇತನ 20,000, ಭವಿಷ್ಯನಿಧಿ 2,000, ವೃತ್ತಿ ತೆರಿಗೆಯ ಕಾಲಮಿನಲ್ಲಿ ಒಂದು ಗೆರೆ. ಎರಡು ಸಾವಿರ ಎಂಬುದು ಇಪ್ಪತ್ತು ಸಾವಿರದ ಶೇಕಡಾ ಹತ್ತು. ಅದು ಹನ್ನೆರಡರ ಲೆಕ್ಕಕ್ಕೂ ಬರುವುದಿಲ್ಲ, ಮಿತಿಯ ಲೆಕ್ಕಕ್ಕೂ ಬರುವುದಿಲ್ಲ. ಮೂರೂ ತಿಂಗಳ ಚೀಟಿಗಳಲ್ಲಿ ಕೆಲಸದ ದಿನಗಳು ಮೂವತ್ತೇ ಇದ್ದವು, ಫೆಬ್ರವರಿಯಲ್ಲಿ ಕೂಡ. ಉಮಂಗ್ ಆ್ಯಪ್‌ನಲ್ಲಿ ಭವಿಷ್ಯನಿಧಿಯ ಪಾಸ್‌ಬುಕ್ ತೆರೆದು ತೋರಿಸಬಹುದೇ ಎಂದು ನಾನು ಮೆಲ್ಲನೆ ಕೇಳಿದೆ. ನಾಳೆ ಬರುತ್ತೇನೆಂದು ಹೋದವನು ಚೀಟಿಗಳನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದ. ಅವುಗಳನ್ನು ಕೇಳಲೂ ಮತ್ತೆ ಬರಲಿಲ್ಲ.

ಇಂಥ ತಪ್ಪು ಕಂಡ ಕೂಡಲೇ ಮೋಸವೆಂದು ತೀರ್ಮಾನಿಸಬಾರದು. ಸಣ್ಣ ಸಂಸ್ಥೆಗಳ ಲೆಕ್ಕ ಬರೆಯುವವರೂ ತಪ್ಪುತ್ತಾರೆ, ಮುಖ್ಯ ಕಚೇರಿ ಕೇರಳದಲ್ಲಿದ್ದರೆ ವೃತ್ತಿ ತೆರಿಗೆಯ ಲೆಕ್ಕ ಬೇರೆ ಇರಬಹುದು. ಕೇಳಿದಾಗ ವಿವರಣೆ ಬರುತ್ತದೆಯೇ ಇಲ್ಲವೇ ಎಂಬುದನ್ನು ನೋಡಿ.

ಸಂಬಳವೇ ಇಲ್ಲದ ವ್ಯಾಪಾರಿಗಳ, ರಿಕ್ಷಾದವರ ಆದಾಯವನ್ನು ಹೇಗೆ ತಿಳಿಯುವುದು?

ಜಿಎಸ್‌ಟಿ ಸಂಖ್ಯೆಯಿದ್ದರೆ ಜಿಎಸ್‌ಟಿ ಪೋರ್ಟಲಿನಲ್ಲಿ ಅದನ್ನು ಹಾಕಿ ವ್ಯಾಪಾರದ ಹೆಸರು ಮತ್ತು ನೋಂದಣಿ ಈಗಲೂ ಚಾಲ್ತಿಯಲ್ಲಿದೆಯೇ ಎಂಬುದನ್ನು ಯಾರೂ ನೋಡಬಹುದು. ಸಣ್ಣ ಅಂಗಡಿಯವರಾದರೆ ಪಾಲಿಕೆ ಅಥವಾ ಪಂಚಾಯಿತಿಯ ವ್ಯಾಪಾರ ಪರವಾನಗಿ ಇರುತ್ತದೆ. ಇವೆರಡಕ್ಕಿಂತ ನಾನು ಇಷ್ಟಪಡುವ ದಾಖಲೆ ಪಿಗ್ಮಿ ಪಾಸ್‌ಬುಕ್. ದಿನಕ್ಕೆ ಎರಡಾಣೆಯಂತೆ ಉಳಿಸುವ ಪಿಗ್ಮಿ ಯೋಜನೆಯನ್ನು ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ್ದು ಉಡುಪಿಯ ನೆಲದಲ್ಲೇ, ಮತ್ತು ಇಂದಿಗೂ ಇಲ್ಲಿಯ ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ. ವರ್ಷವಿಡೀ ದಿನಾ ನೂರು ರೂಪಾಯಿ ಕಟ್ಟಿದ ರಿಕ್ಷಾ ಚಾಲಕರ ಪುಸ್ತಕ, ಅವರ ಆದಾಯ ಎಷ್ಟೆಂಬುದನ್ನು ಹೇಳದಿದ್ದರೂ, ಕೊಡಬೇಕಾದ ದಿನ ಕೊಡುವ ಅಭ್ಯಾಸವಿದೆಯೆಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಾಡಿಗೆಯು ಮನೆಯ ಒಟ್ಟು ಆದಾಯದ ಮೂರನೇ ಒಂದು ಪಾಲನ್ನು ಮೀರಬಾರದೆಂಬ ಅಂದಾಜು ನನ್ನದು. ಅದನ್ನು ಕಟ್ಟುನಿಟ್ಟಿನ ನಿಯಮವೆಂದು ಹಿಡಿಯಬೇಕಿಲ್ಲ.

ಹಿಂದಿನ ಧನಿಗಳಿಗೆ ಫೋನ್ ಮಾಡಿದರೆ ಎಲ್ಲರೂ ‘ಒಳ್ಳೆಯ ಜನ’ ಅಂತಲೇ ಹೇಳುತ್ತಾರಲ್ಲ?

ಹೇಳುತ್ತಾರೆ, ಎರಡು ಕಾರಣಕ್ಕೆ. ಒಂದೋ ಬಾಡಿಗೆದಾರರು ನಿಜವಾಗಿ ಒಳ್ಳೆಯವರು, ಇಲ್ಲವೆ ಒಮ್ಮೆ ಹೋದರೆ ಸಾಕೆಂದು ಧನಿಗಳು ಕಾಯುತ್ತಿದ್ದಾರೆ. ಆದ್ದರಿಂದ ಈಗಿರುವ ಮನೆಯ ಮಾಲೀಕರಿಗಿಂತ ಅದಕ್ಕೂ ಹಿಂದಿನ ಮನೆಯ ಮಾಲೀಕರ ಮಾತಿಗೆ ಹೆಚ್ಚು ಬೆಲೆ ಕೊಡಿ; ಅವರಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇರುವುದಿಲ್ಲ. ‘ಒಳ್ಳೆಯವರಾ’ ಎಂದು ಕೇಳುವುದನ್ನು ಬಿಟ್ಟು, ಬಾಡಿಗೆ ತಿಂಗಳ ಎಷ್ಟನೇ ತಾರೀಕಿಗೆ ಬರುತ್ತಿತ್ತು, ಡೆಪಾಸಿಟಿನಲ್ಲಿ ಎಷ್ಟು ಹಿಡಿದುಕೊಳ್ಳಬೇಕಾಯಿತು, ಪುನಃ ಬಂದರೆ ಕೊಡುತ್ತೀರಾ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಮೂರನೆಯದಕ್ಕೆ ಉತ್ತರ ಬರುವ ಮೊದಲು ಆ ಕಡೆಯಲ್ಲಿ ಎಷ್ಟು ಹೊತ್ತು ಮೌನವಿರುತ್ತದೆ ಎಂಬುದನ್ನೂ ಕೇಳಿಸಿಕೊಳ್ಳಬೇಕು.

ಕೊಟ್ಟ ಸಂಖ್ಯೆ ನಿಜಕ್ಕೂ ಧನಿಗಳದ್ದೇ ಎಂಬುದನ್ನು ತಿಳಿಯಲು ಒಂದು ಹಳೆಯ ಉಪಾಯವಿದೆ. ಬಾಡಿಗೆದಾರರ ಹೆಸರೆತ್ತದೆ, ‘ನಮಸ್ಕಾರ, ನಿಮ್ಮಲ್ಲಿ ಬಿಡಾರ ಖಾಲಿಯಾಗುವುದು ಉಂಟಂತೆ, ಬಾಡಿಗೆ ಎಷ್ಟು?’ ಎಂದು ಕೇಳುವುದು. ಧನಿಗಳಾದವರು ಕೂಡಲೇ ಬಾಡಿಗೆ, ಅಡ್ವಾನ್ಸು, ನೀರಿನ ವ್ಯವಸ್ಥೆ ಎಂದು ಮಾತಿಗೆ ತೊಡಗುತ್ತಾರೆ. ನಾನೊಮ್ಮೆ ಹೀಗೆ ಕೇಳಿದಾಗ ಆ ಕಡೆಯವರು, ‘ಯಾವ ಬಿಡಾರ ಮಾರಾಯ್ರೆ, ನಾನೇ ರೂಮಿನಲ್ಲಿರುವುದು’ ಎಂದುಬಿಟ್ಟರು. ಪಾಪ, ಗೆಳೆಯ ಅವರಿಗೆ ಪಾಠ ಹೇಳಿಕೊಟ್ಟಿದ್ದ, ಆದರೆ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಇದಲ್ಲದೆ ಹಿಂದಿನ ಮನೆಯ ಮೆಸ್ಕಾಂ ವಿದ್ಯುತ್ ಬಿಲ್ಲುಗಳನ್ನು ತರಿಸಿಕೊಂಡರೆ ಅಲ್ಲಿಯ ವಿಳಾಸ ಮತ್ತು ಬಾಕಿ ಎರಡೂ ಒಂದೇ ಕಾಗದದಲ್ಲಿ ಸಿಗುತ್ತವೆ.

ಕೋರ್ಟಿನಲ್ಲಿ ಕೇಸು ಇದೆಯಾ, ಸಾಲ ಬಾಕಿ ಇದೆಯಾ ಅಂತ ನಾವೇ ನೋಡಬಹುದಾ?

ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ, ವರ್ಷ ಮತ್ತು ಕಕ್ಷಿದಾರರ ಹೆಸರು ಹಾಕಿ ಹುಡುಕಲು ಯಾರಿಗೂ ಅವಕಾಶವಿದೆ. ಆದರೆ ಒಂದೇ ಹೆಸರು, ಒಂದೇ ಬಳಿ (ಕುಲ), ಒಂದೇ ಅಡ್ಡಹೆಸರಿನವರು ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಮಂದಿ ಇರುವುದರಿಂದ, ತಂದೆಯ ಹೆಸರು ಮತ್ತು ವಿಳಾಸ ಹೊಂದದೆ ಯಾವುದನ್ನೂ ನಂಬಬಾರದು. ಹೊಂದಿದರೂ ಪ್ರಕರಣ ಯಾವುದೆಂದು ನೋಡಿ. ಕುಟುಂಬದ ಆಸ್ತಿ ಪಾಲಿನ ದಾವೆ ಬಾಡಿಗೆ ಕೊಡದಿರಲು ಕಾರಣವಾಗಲಾರದು, ಹಿಂದಿನ ಮಾಲೀಕರು ಹೂಡಿದ ತೆರವು ದಾವೆ ಆಗಬಹುದು. ಸಾಲದ ವರದಿಯನ್ನು ನೀವು ನೇರವಾಗಿ ತೆಗೆಯಲಾಗದು; ಬಾಡಿಗೆದಾರರೇ ತಮ್ಮ ವರದಿಯನ್ನು ಪ್ರತಿ ಸಾಲ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಅಂಗಡಿ ಮಳಿಗೆಗೆ ಅದನ್ನು ಕೇಳುವುದು ಸರಿ. ಎಂಟು ಸಾವಿರದ ಬಿಡಾರಕ್ಕೆ ಕೇಳುವುದು ಅತಿಯಾಯಿತೆಂದೇ ನನಗೆ ಅನಿಸುತ್ತದೆ.

ಪೊಲೀಸ್ ಠಾಣೆಗೆ ತಿಳಿಸಲೇಬೇಕಾ?

ಪೊಲೀಸ್ ಆಯುಕ್ತರೋ ಜಿಲ್ಲಾಡಳಿತವೋ ಈ ಬಗ್ಗೆ ಆದೇಶ ಹೊರಡಿಸಿರುವ ಅವಧಿಯಲ್ಲಿ ತಿಳಿಸುವುದು ಕಡ್ಡಾಯ; ಅಧಿಕೃತ ಆದೇಶವನ್ನು ಮೀರಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಡಿ ಕ್ರಮ ಸಾಧ್ಯ. ಆದೇಶವಿರಲಿ, ಇಲ್ಲದಿರಲಿ, ತಿಳಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳುವುದರಿಂದ ನಷ್ಟವೇನಿಲ್ಲ. ಯಾವ ಠಾಣೆ ಎಂಬ ಗೊಂದಲ ಹಲವರಿಗಿದೆ: 2010ರಲ್ಲಿ ಮಂಗಳೂರಿಗೆ ಕಮಿಷನರೇಟ್ ಬಂದ ಬಳಿಕ ಸುರತ್ಕಲ್, ಮೂಲ್ಕಿ, ಮೂಡುಬಿದಿರೆ, ಉಳ್ಳಾಲ, ಕೊಣಾಜೆ ಠಾಣೆಗಳು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಯಲ್ಲಿವೆ, ಬಂಟ್ವಾಳದಂಥವು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿಯಲ್ಲಿವೆ. ಉಡುಪಿಯಲ್ಲಿ ಮಣಿಪಾಲಕ್ಕೂ ಮಲ್ಪೆಗೂ ಪ್ರತ್ಯೇಕ ಠಾಣೆಗಳಿವೆ. ಆದರೆ ಠಾಣೆಗೆ ಮಾಹಿತಿ ಕೊಟ್ಟೆವೆಂದ ಮಾತ್ರಕ್ಕೆ ಬಾಡಿಗೆದಾರರ ನಡತೆಗೆ ಪೊಲೀಸರು ಹೊಣೆ ಹೊತ್ತಂತೆ ಆಗುವುದಿಲ್ಲ. ಬಾಡಿಗೆ ಕೊಡುವ ಶಕ್ತಿಯನ್ನು ಅವರು ನೋಡುವುದೂ ಇಲ್ಲ.

## ಕೆಲವು ವಿಶೇಷ ಸಂದರ್ಭಗಳು

ಮಣಿಪಾಲದಲ್ಲಿ ನಾಲ್ಕು ವಿದ್ಯಾರ್ಥಿಗಳು ಸೇರಿ ಫ್ಲ್ಯಾಟ್ ಕೇಳುತ್ತಿದ್ದಾರೆ. ಕರಾರು ಯಾರ ಹೆಸರಿಗೆ?

ನಾಲ್ವರ ಹೆಸರಿಗೂ ಇರಲಿ, ಮತ್ತು ಬಾಡಿಗೆಗೆ ನಾಲ್ವರೂ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆಯೆಂದು ಬರೆಸಿ. ಒಬ್ಬರ ಹೆಸರಿಗೆ ಮಾಡಿದರೆ, ಅವರು ಸೆಮಿಸ್ಟರ್ ನಡುವೆ ಬಿಟ್ಟು ಹೋದ ದಿನ ಉಳಿದ ಮೂವರು ಯಾರೆಂದು ಹೇಳುವ ಕಾಗದವೇ ನಿಮ್ಮಲ್ಲಿರುವುದಿಲ್ಲ. ಕಾಲೇಜಿನ ಗುರುತು ಚೀಟಿ, ಆ ವರ್ಷದ ಪ್ರವೇಶ ಪತ್ರ, ತಂದೆ ಅಥವಾ ತಾಯಿಯ ಗುರುತಿನ ದಾಖಲೆ ಪಡೆದು, ಹೆತ್ತವರೊಡನೆ ವಿಡಿಯೊ ಕರೆಯಲ್ಲಿ ಒಮ್ಮೆ ಮಾತನಾಡಿ. ಆ ಕರೆ ಮಕ್ಕಳ ಮೊಬೈಲಿನಿಂದ ಹೋಗದೆ, ಪ್ರವೇಶ ಪತ್ರದಲ್ಲಿರುವ ಪೋಷಕರ ಸಂಖ್ಯೆಗೆ ನಿಮ್ಮ ಮೊಬೈಲಿನಿಂದ ಹೋಗಲಿ. ಪೋಷಕರೊಬ್ಬರು ಜಾಮೀನುದಾರರಾಗಿ ಸಹಿ ಹಾಕಿದರೆ ಇನ್ನೂ ಉತ್ತಮ.

ಅವರಲ್ಲಿ ಯಾರಾದರೂ ವಿದೇಶಿ ಪ್ರಜೆಯಾಗಿದ್ದರೆ, ಅವರು ವಾಸಕ್ಕೆ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ತಿಳಿಸುವ ಹೊಣೆ ವಸತಿ ಕೊಟ್ಟವರದ್ದು. ‘ಫಾರ್ಮ್ ಸಿ’ ಎಂದೇ ಜನ ಕರೆಯುತ್ತ ಬಂದಿರುವ ಈ ಕ್ರಮ ಹೋಟೆಲುಗಳಿಗೆ ಮಾತ್ರವೆಂಬ ತಪ್ಪು ತಿಳಿವಳಿಕೆ ಮಣಿಪಾಲದ ಮಾಲೀಕರಲ್ಲೂ ಇದೆ. ಪಾಸ್‌ಪೋರ್ಟ್ ಮತ್ತು ವೀಸಾದ ಅವಧಿಯನ್ನು ಕರಾರಿನ ಅವಧಿಯೊಂದಿಗೆ ಹೋಲಿಸಿ ನೋಡಿ.

ಮಲ್ಪೆಯಲ್ಲಿ ಬೋಟಿನ ಕೆಲಸಗಾರರಿಗೆ ಲೈನ್ ಮನೆ ಕೊಡುತ್ತೇವೆ. ಜನ ತಿಂಗಳಿಗೊಮ್ಮೆ ಬದಲಾಗುತ್ತಾರೆ, ಏನು ಮಾಡುವುದು?

ಇಲ್ಲಿ ಬಾಡಿಗೆದಾರ ಯಾರೆಂಬುದನ್ನು ಮೊದಲು ತೀರ್ಮಾನಿಸಬೇಕು. ಹೊರರಾಜ್ಯದ ಕೆಲಸಗಾರರನ್ನು ಕರೆತಂದ ಬೋಟಿನ ಮಾಲೀಕರೋ ತಂಡದ ಮುಖ್ಯಸ್ಥರೋ ಕರಾರಿಗೆ ಸಹಿ ಹಾಕಲಿ, ವಾಸಿಸುವವರ ಹೆಸರಿನ ಪಟ್ಟಿಯನ್ನು ಕರಾರಿಗೆ ಲಗತ್ತಿಸಿ, ಹೊಸಬರು ಸೇರಿದಾಗಲೆಲ್ಲ ಅವರ ಗುರುತು ಪತ್ರದ ಪ್ರತಿಯೊಂದಿಗೆ ಆ ಪಟ್ಟಿಯನ್ನು ತಿದ್ದಿ ಇಬ್ಬರೂ ಸಹಿ ಮಾಡಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುವುದರಿಂದ ಹೆಚ್ಚಿನವರು ಆಗ ಊರಿಗೆ ಹೋಗುತ್ತಾರೆ. ಆ ಎರಡು ತಿಂಗಳ ಬಾಡಿಗೆ ಪೂರ್ತಿಯೋ, ಅರ್ಧವೋ, ಇಲ್ಲವೋ ಎಂಬುದನ್ನು ಮೊದಲೇ ಬರೆಯದೆ ಆಗಸ್ಟಿನಲ್ಲಿ ಜಗಳವಾದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಆಗಸ್ಟಿನಲ್ಲಿ ಮರಳಿ ಬಂದವರು ಅದೇ ಜನರೇ ಎಂಬುದನ್ನೂ ಪಟ್ಟಿ ಹಿಡಿದು ನೋಡಿ.

ಮಿಲಿಟರಿ ಅಧಿಕಾರಿ ಅಂತೆ, ಮನೆ ನೋಡದೆಯೇ ಅಡ್ವಾನ್ಸ್ ಹಾಕುತ್ತೇನೆ ಅನ್ನುತ್ತಾರೆ. ನಂಬಬಹುದಾ?

ನಂಬಬಾರದು. ಆನ್‌ಲೈನಿನಲ್ಲಿ ‘ಮನೆ ಬಾಡಿಗೆಗಿದೆ’ ಎಂದು ಹಾಕಿದ ಒಂದೆರಡು ಗಂಟೆಯಲ್ಲೇ ಇಂಥ ಕರೆ ಬರುತ್ತದೆ. ಸೈನ್ಯದವನೆಂದೋ, ವಿಮಾನ ನಿಲ್ದಾಣದ ಅಥವಾ ಪಣಂಬೂರು ಬಂದರಿನ ಭದ್ರತಾ ಪಡೆಗೆ ವರ್ಗವಾಗಿದೆಯೆಂದೋ ಹೇಳುತ್ತಾನೆ, ಸಮವಸ್ತ್ರದ ಫೋಟೊ ಮತ್ತು ಗುರುತು ಚೀಟಿಯನ್ನು ಕೇಳುವ ಮೊದಲೇ ಕಳುಹಿಸುತ್ತಾನೆ, ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ಚೌಕಾಸಿ ಮಾಡುವುದಿಲ್ಲ. ಆಮೇಲೆ, ಇಲಾಖೆಯ ಖಾತೆಯಿಂದ ಹಣ ಬರಬೇಕಾದರೆ ನೀವು ಮೊದಲು ಒಂದು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕೆನ್ನುತ್ತಾನೆ. ಯುಪಿಐ ಪಿನ್ ಹಾಕಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ. ಹಣ ಬರುವುದಕ್ಕೆ ಪಿನ್ ಎಂದೂ ಬೇಕಾಗುವುದಿಲ್ಲ. ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಿಜವಾದ ಯೋಧರ ಕುಟುಂಬಕ್ಕೆ ಮನೆ ಕೊಡಲು ಅಡ್ಡಿಯೇನೂ ಇಲ್ಲ, ಆದರೆ ಅವರೂ ಬಂದು ಮನೆ ನೋಡಿಯೇ ಒಪ್ಪುತ್ತಾರೆ.

ನಾವು ದುಬೈಯಲ್ಲಿದ್ದೇವೆ. ಊರಿನ ಫ್ಲ್ಯಾಟಿಗೆ ಬರುವವರನ್ನು ಇಲ್ಲಿಂದಲೇ ಹೇಗೆ ಪರಿಶೀಲಿಸುವುದು?

ದಾಖಲೆಗಳನ್ನು ಅಲ್ಲಿಂದಲೇ ನೋಡಬಹುದು, ಮನುಷ್ಯರನ್ನು ಊರಿನಲ್ಲಿ ಒಬ್ಬರು ನೋಡಲೇಬೇಕು. ಆ ಒಬ್ಬರು ಎಂಬತ್ತರ ಹರೆಯದ ತಾಯಿಯಾಗುವುದು ಬೇಡ; ಬಾಡಿಗೆ ಕೇಳಲು, ಬೇಡವೆನ್ನಲು ಅವರಿಗೆ ಸಂಕೋಚವಾಗುತ್ತದೆ. ನಿಮ್ಮ ಪರವಾಗಿ ಸಹಿ ಹಾಕುವವರಿಗೆ ಅಧಿಕಾರ ಪತ್ರ ಕೊಡುವುದಾದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸಿ, ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆಯಿಂದ ಆದಾಯ ತೆರಿಗೆ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರ ಮೇಲಿದೆ ಎಂಬುದನ್ನು ಮಾತುಕತೆಯಲ್ಲೇ ತಿಳಿಸಿ. ಅದನ್ನು ಕೇಳಿ ಹಿಂದೆ ಸರಿಯುವವರಿದ್ದಾರೆ. ನಂತರ ನೋಟಿಸು ಬಂದು ಜಗಳವಾಗುವುದಕ್ಕಿಂತ ಆಗಲೇ ಸರಿದರೆ ಒಳ್ಳೆಯದು.

ಸಂಸಾರಕ್ಕೆ ಅಂತ ಪಡೆದು ಪಿಜಿ ನಡೆಸುತ್ತಿದ್ದಾರೆ. ಮೊದಲೇ ಗೊತ್ತಾಗುವ ಸೂಚನೆ ಇರುತ್ತದಾ?

ಇರುತ್ತದೆ. ಇಬ್ಬರೇ ವಾಸಿಸುವವರು ಮೂರು ಸ್ನಾನಗೃಹಗಳ ಬಗ್ಗೆ ಹೆಚ್ಚು ವಿಚಾರಿಸಿದರೆ, ಮಂಚಗಳ ಅಳತೆ ತೆಗೆದರೆ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೆ ನಡೆದು ಹೋಗಲು ಎಷ್ಟು ನಿಮಿಷ ಎಂದು ಕೇಳಿದರೆ, ಅವರ ಉದ್ಯೋಗ ಎಲ್ಲಿಯದೆಂದು ಇನ್ನೊಮ್ಮೆ ನೋಡಿ. ಕರಾರಿನಲ್ಲಿ ಒಳಬಾಡಿಗೆಯನ್ನು ಸ್ಪಷ್ಟವಾಗಿ ನಿಷೇಧಿಸದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರರು ಒಳಬಾಡಿಗೆಗೆ ಕೊಡಬಹುದು. ಮಾರುಕಟ್ಟೆಯಲ್ಲಿ ಸಿಗುವ ಒಂದು ಪುಟದ ಸಿದ್ಧ ಕರಾರುಗಳಲ್ಲಿ ಎಷ್ಟೋ ಸಲ ಈ ವಾಕ್ಯವೇ ಇರುವುದಿಲ್ಲ.

## ಕಾನೂನಿನ ಪ್ರಶ್ನೆಗಳು

ಹನ್ನೆರಡು ವರ್ಷ ಒಬ್ಬರೇ ಇದ್ದರೆ ಮನೆ ಅವರದ್ದೇ ಆಗುತ್ತದಂತೆ, ಹೌದಾ?

ಇಲ್ಲ. ಮಾಲೀಕರ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟುಕೊಂಡು ಇರುವವರ ಸ್ವಾಧೀನವು ಪ್ರತಿಕೂಲ ಸ್ವಾಧೀನ (ಮಾಲೀಕರ ಹಕ್ಕಿಗೆ ವಿರುದ್ಧವಾಗಿ ದೀರ್ಘಕಾಲ ಹಿಡಿದುಕೊಂಡಿರುವುದು) ಆಗುವುದಿಲ್ಲ, ಮತ್ತು ಬಾಡಿಗೆದಾರರಾಗಿ ಒಳಬಂದವರು ಬಾಡಿಗೆ ಸಂಬಂಧ ಇರುವವರೆಗೆ ಮಾಲೀಕರ ಹಕ್ಕನ್ನು ಅಲ್ಲಗಳೆಯುವಂತಿಲ್ಲ. ಹಾಗೆಂದು, ಬಾಡಿಗೆ ಮುಗಿದ ಮೇಲೂ ಕಾಗದ, ರಸೀದಿ ಏನೂ ಇಲ್ಲದೆ ವರ್ಷಗಟ್ಟಲೆ ಸುಮ್ಮನಿರುವುದೂ ಸರಿಯಲ್ಲ. ತೆರವು ದಾವೆಗೂ ಕಾಲಮಿತಿಯಿದೆ.

ಈ ಭಯಕ್ಕೆ ನಮ್ಮಲ್ಲಿ ಬೇರೆಯೇ ಬೇರಿದೆ ಎಂದು ನನ್ನ ಊಹೆ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಈ ಕರಾವಳಿಯ ಚಾಲಗೇಣಿ (ಖಾಯಂ ಹಕ್ಕಿಲ್ಲದ ಗೇಣಿ) ಒಕ್ಕಲುಗಳು ತಾವು ಉಳುವ ಭೂಮಿಯ ಒಡೆಯರಾದರು. ನ್ಯಾಯವಾಗಿಯೇ ಆದರು. ಆದರೆ ಗದ್ದೆ ಕಳೆದುಕೊಂಡ ಮನೆಗಳಲ್ಲಿ ‘ಕೊಟ್ಟರೆ ಹೋಯಿತು’ ಎಂಬ ಮಾತು ಉಳಿಯಿತು, ಮತ್ತು ಕೃಷಿಭೂಮಿಯ ಗೇಣಿಗೂ ವಾಸದ ಮನೆಯ ಬಾಡಿಗೆಗೂ ಇರುವ ವ್ಯತ್ಯಾಸ ಆ ಮಾತಿನಲ್ಲಿ ಮರೆಯಾಯಿತು. ನನ್ನ ದೊಡ್ಡಪ್ಪ ಇದೇ ಹೆದರಿಕೆಯಿಂದ ಕುಲಶೇಖರದ ಮನೆಗೆ ಇಪ್ಪತ್ತು ವರ್ಷ ಬೀಗ ಹಾಕಿಟ್ಟರು; ಬಾಡಿಗೆದಾರರು ಯಾರೂ ಬರಲಿಲ್ಲ, ಗೆದ್ದಲು ಬಂತು.

ಎಲ್ಲರೂ ಹನ್ನೊಂದು ತಿಂಗಳ ಕರಾರನ್ನೇ ಮಾಡುವುದು ಯಾಕೆ?

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು; ಅದನ್ನು ತಪ್ಪಿಸುವ ಸಲುವಾಗಿ ಹನ್ನೊಂದು ತಿಂಗಳು. ಒಳ್ಳೆಯ ಬಾಡಿಗೆದಾರರು ಸಿಕ್ಕಿದ್ದಾರೆಂದು ಮೂರು ವರ್ಷಕ್ಕೆ ಬರೆದು ನೋಂದಾಯಿಸದೆ ಇಟ್ಟರೆ, ಅಗತ್ಯ ಬಿದ್ದ ದಿನ ಆ ಕಾಗದದ ಷರತ್ತುಗಳನ್ನು ನ್ಯಾಯಾಲಯದಲ್ಲಿ ನೆಚ್ಚಲಾಗದು. 1999ರ ಕರ್ನಾಟಕ ಬಾಡಿಗೆ ಕಾಯಿದೆಯು ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯವಾಗದ ಕಾರಣ, ಈಗಿನ ಹೆಚ್ಚಿನ ಮನೆಗಳಿಗೆ ಆಧಾರವಾಗಿ ಉಳಿಯುವುದು ಕರಾರು ಪತ್ರ ಮತ್ತು ಆಸ್ತಿ ವರ್ಗಾವಣೆ ಕಾಯಿದೆ ಮಾತ್ರ.

ನಮ್ಮ ಜಾತಿಯವರಿಗೆ ಮಾತ್ರ ಕೊಡುತ್ತೇವೆ ಅಂದರೆ ತಪ್ಪಾ?

ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಯಾವುದೇ ಪ್ರದೇಶದಲ್ಲಿ ವಾಸಕ್ಕೆ ಮನೆ ಹಿಡಿಯುವುದನ್ನು ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಎಚ್‌ಐವಿ ಇರುವವರಿಗೆ 2017ರ ಕಾಯಿದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯಿದೆ, ಬಾಡಿಗೆ ಮನೆಯ ವಿಷಯದಲ್ಲೂ ತಾರತಮ್ಯ ಮಾಡಬಾರದೆಂದು ಹೇಳುತ್ತವೆ. ಕಾನೂನನ್ನು ಬದಿಗಿಟ್ಟು ಮಾಲೀಕರ ಲಾಭವನ್ನಷ್ಟೇ ನೋಡಿದರೂ ಈ ಪದ್ಧತಿ ದುಬಾರಿ. ಅಡ್ಡಹೆಸರು ಕೇಳಿ ಒಪ್ಪಿದವರ ದಾಖಲೆಯನ್ನು ಮತ್ತೆ ಯಾರೂ ನೋಡುವುದಿಲ್ಲ. ನನಗೆ ಗೊತ್ತಿರುವಂತೆ ಆರು ತಿಂಗಳ ಬಾಡಿಗೆ ಮುಳುಗಿಸಿ ಹೋದ ಮೂವರೂ ಆಯಾ ಮಾಲೀಕರಿಗೆ ‘ನಮ್ಮವರೇ’ ಆಗಿದ್ದರು. ಮೀನಿನ ವಾಸನೆ ಆಗದು ಎಂಬಂಥ ಮನೆಯ ರೂಢಿಗಳಿದ್ದರೆ ಮೊದಲ ದಿನವೇ ಎಲ್ಲರಿಗೂ ಹೇಳಿ, ಒಪ್ಪುವುದು ಬಿಡುವುದು ಬಂದವರಿಗೆ ಸೇರಿದ್ದು. ಆದರೆ ಆ ನೆಪವನ್ನು ಜಾತಿ ಕೇಳುವ ಉಪಾಯವಾಗಿ ಬಳಸಬೇಡಿ.

ಟೋಕನ್ ತೆಗೆದುಕೊಂಡಾಯಿತು. ಆಮೇಲೆ ಹೇಳಿದ್ದೆಲ್ಲ ಸುಳ್ಳು ಅಂತ ಗೊತ್ತಾದರೆ ಏನು ಮಾಡುವುದು?

ಬೀಗದ ಕೈ ಕೊಡುವ ತನಕ ದಾರಿಯಿದೆ. ಟೋಕನ್ ಪಡೆಯುವಾಗಲೇ, ದಾಖಲೆಗಳ ಪರಿಶೀಲನೆ ಮುಗಿದು ಕರಾರಿಗೆ ಸಹಿಯಾಗುವವರೆಗೆ ಮನೆ ಖಚಿತವಲ್ಲವೆಂದೂ, ಆಗದಿದ್ದರೆ ಪೂರ್ತಿ ಹಣ ಹಿಂದಿರುಗಿಸುವುದೆಂದೂ ರಸೀದಿಯಲ್ಲಿ ಬರೆಯಿರಿ, ಅಥವಾ ವಾಟ್ಸ್‌ಆ್ಯಪ್‌ನಲ್ಲಾದರೂ ಕಳುಹಿಸಿ ಒಪ್ಪಿಗೆಯ ಉತ್ತರ ಪಡೆಯಿರಿ. ಬೇಡವೆನ್ನುವಾಗ ‘ನೀವು ಸುಳ್ಳು ಹೇಳಿದಿರಿ’ ಎಂದು ವಾದಕ್ಕಿಳಿಯಬೇಕಿಲ್ಲ. ‘ದಾಖಲೆಗಳು ಹೊಂದಲಿಲ್ಲ’ ಎಂದಷ್ಟೇ ತಿಳಿಸಿ. ಹಣವನ್ನು ಅದು ಬಂದ ಖಾತೆಗೇ ಅದೇ ದಿನ ಮರಳಿಸಿ, ನಗದಾಗಿ ಕೊಡಬೇಡಿ. ನಿಮ್ಮಲ್ಲಿರುವ ಅವರ ಆಧಾರ್, ಸಂಬಳ ಚೀಟಿಗಳ ಪ್ರತಿಗಳನ್ನು ಹರಿದುಹಾಕಿ, ಮೊಬೈಲಿನಲ್ಲಿದ್ದರೆ ಅಳಿಸಿ. ಅವರ ಹೆಸರು, ಫೋಟೊಗಳನ್ನು ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಎಚ್ಚರಿಕೆ’ ಎಂದು ಹಂಚಿದರೆ ಮಾನನಷ್ಟದ ನೋಟಿಸು ನಿಮ್ಮ ಮನೆಗೇ ಬರಬಹುದು. ಅಕ್ಕಪಕ್ಕದ ಮಾಲೀಕರು ಯಾರಾದರೂ ನೇರವಾಗಿ ಕೇಳಿದರೆ, ‘ನಮ್ಮಲ್ಲಿ ಕರಾರಾಗಲಿಲ್ಲ, ನೀವೂ ದಾಖಲೆ ನೋಡಿ’ ಎಂದು ಹೇಳಿದರೆ ಸಾಕು.